ಮಾವನವರ ಪೆಟ್ಟಿಗೆ ಮತ್ತು ನನ್ನ ಗುಲಾಬಿ ಹಾರ

ಶಾಖ ಕೊಟ್ಟರೆ ಲೋಹ ಹಿಗ್ಗುತ್ತದೆ. ಎಲ್ಲ ಲೋಹವೂ ಒಂದೇ ಸಮ ಹಿಗ್ಗುವುದಿಲ್ಲ. ಹಿತ್ತಾಳೆ ಜಾಸ್ತಿ, ಕಬ್ಬಿಣ ಕಡಿಮೆ. ಎರಡನ್ನೂ ಬೆನ್ನಿಗೆ ಬೆನ್ನು ಕೂಡಿಸಿ ಕಾಯಿಸಿದರೆ ಪಟ್ಟಿ ಕಬ್ಬಿಣದ ಕಡೆಗೆ ಬಾಗುತ್ತದೆ. ಬಾಗಿದಾಗ ಸಂಪರ್ಕ ತಪ್ಪಿ ಕರೆಂಟು ನಿಲ್ಲುತ್ತದೆ. ತಣ್ಣಗಾದರೆ ನೆಟ್ಟಗಾಗಿ ಮತ್ತೆ ಮುಟ್ಟುತ್ತದೆ, ಕರೆಂಟು ಹರಿಯುತ್ತದೆ. ಇದಕ್ಕೆ ದ್ವಿಲೋಹ ಪಟ್ಟಿ ಎಂದು ಹೆಸರು. ಇಸ್ತ್ರಿ ಪೆಟ್ಟಿಗೆಯೊಳಗೆ ಟಕ್ ಅನ್ನುವುದು ಇದೇ. ಈ ಪಾಠವನ್ನು ನಾನು ಎಷ್ಟು ವರ್ಷದಿಂದ ಮಾಡುತ್ತಿದ್ದೇನೆಂದರೆ, ನನ್ನ ಹತ್ತಿರ ಇದನ್ನು ಕಲಿತವರ ಮಕ್ಕಳು ಈಗ ನನ್ನ ಕ್ಲಾಸಿನಲ್ಲಿ ಕೂತು ಆಕಳಿಸುತ್ತಾರೆ!

ಆದ್ದರಿಂದ ಈ ಪಟ್ಟಿಯ ವಿಷಯದಲ್ಲಿ ಜಗತ್ತಿನಲ್ಲಿ ಯಾರು ಎಡವಿದರೂ ನಾನು ಎಡವಲಾರೆ ಎಂಬ ನಂಬಿಕೆ ನನಗಿತ್ತು. ಮಾವನವರು ತೀರಿಕೊಂಡ ದಿನದವರೆಗೂ ಇತ್ತು.

ಮಾವ ಬೋರೇಗೌಡರದು ಹಲಗೂರಿನ ಹತ್ತಿರ ಒಂದು ಹಳ್ಳಿ. ನಾನು ಮಂಡ್ಯದಲ್ಲಿ ಮನೆ ಮಾಡಿಕೊಂಡು, ಮದ್ದೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆ ಹೋದಾಗ ಅವರ ಪಡಸಾಲೆಯಲ್ಲಿ ಒಂದು ಬಲ್ಬು ಉರಿಯುತ್ತಿರಲಿಲ್ಲ. ನಾನು ಉತ್ಸಾಹದಿಂದ ಸ್ಟೂಲು ಹತ್ತಿ ರಿಪೇರಿ ಮಾಡಿದೆ. ಇಡೀ ಬೀದಿಯ ದೀಪ ಹೋಯಿತು. ಮಾವ ಕತ್ತಲಲ್ಲೇ ಹೇಳಿದರು: "ನೀವು ಪಾಠ ಏಳಿ ಮೇಷ್ಟ್ರೇ. ಮಾಡಕ್ಕೆ ಮಾತ್ರ ಓಗ್ಬೇಡಿ." ಆಮೇಲೆ ಆ ಮನೆಯಲ್ಲಿ ನಾನು ಸ್ವಿಚ್ಚು ಒತ್ತಿದರೂ ಯಾರಾದರೂ ಓಡಿಬಂದು ನೋಡುತ್ತಿದ್ದರು.

ಅವರೂ ಸುಮ್ಮನೆ ಇರುವ ಆಸಾಮಿಯಲ್ಲ. ಮಹಾ ಕೋಪಿಷ್ಠರು. ಮಾತಿನ ಮಧ್ಯೆ ಬಿಸಿಯೇರಿದರೆ ಫೋನು ಕಟ್. ಒಂದು ಗಳಿಗೆ ಬಿಟ್ಟು ತಣ್ಣಗಾದ ಮೇಲೆ ತಾವೇ ಫೋನು ಮಾಡಿ, "ಉಂಡ್ರಾ?" ಎನ್ನುವರು. "ನಿಮ್ಮಪ್ಪನೇ ಒಂದು ದ್ವಿಲೋಹ ಪಟ್ಟಿ ಕಣೇ" ಎಂದು ನಾನು ಹೆಂಡತಿ ಸುಶೀಲಳಿಗೆ ಹೇಳುತ್ತಿದ್ದೆ. ಅವಳಿಗೂ ನಗು ಬರುತ್ತಿತ್ತು.

ಒಬ್ಬರ ವಿಷಯದಲ್ಲಿ ಮಾತ್ರ ಈ ಪಟ್ಟಿ ಬಾಗಿದ್ದು ಬಾಗಿಯೇ ಉಳಿಯಿತು. ಕಿರಿಮಗಳು ನಾಗರತ್ನ ತನಗೆ ಬೇಕಾದ ಹುಡುಗನನ್ನು ಕಟ್ಟಿಕೊಂಡು, ಅವನು ಮಿಲಿಟರಿಯವನಾದ್ದರಿಂದ, ಅಸ್ಸಾಮಿನ ಕಡೆ ಹೋಗಿಬಿಟ್ಟಳು. ಅವಳ ಫೋನು ಬಂದರೆ ದನಿ ಕೇಳುತ್ತಲೇ ಕಟ್. ಹೋದ ಯುಗಾದಿಯ ಹೊತ್ತಿಗೆ ಮಾತ್ರ ಸುಶೀಲಳನ್ನು ಕರೆದು, ಎತ್ತಲೋ ನೋಡಿಕೊಂಡು, "ಅವಳ್ಗೂ ಬರಕ್ಕೇಳು" ಅಂದಿದ್ದರು. ಸುಶೀಲ ಹೇಳಿದಳು. ನಾಗರತ್ನ ನಂಬಲಿಲ್ಲ. "ನೀನು ಕಟ್ಟಿ ಏಳ್ತಾ ಇದ್ದೀಯ ಕಣಕ್ಕ. ಅಪ್ಪನೇ ಬಾಯ್ಬಿಟ್ಟು ಕರೀಲಿ, ಆವತ್ತೇ ಬತ್ತೀನಿ."

ಅಪ್ಪ ಬಾಯಿ ಬಿಡಲಿಲ್ಲ. ಬೇಸಿಗೆಯ ಒಂದು ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ.

ಸುಶೀಲ ಅತ್ತದ್ದನ್ನು ನಾನು ಬರೆಯಲಾರೆ. ಅಳುವಿನ ನಡುವೆ ಒಂದೇ ಮಾತು: "ನಾಗಿ ಬಂದು ಮಕ ನೋಡ್ಬೇಕು ಕಣ್ರೀ. ಅದೊಂದು ಆಗ್ಲೇಬೇಕು." ನಾಗರತ್ನ ವಿಮಾನ ಹಿಡಿದು ಬೆಂಗಳೂರಿಗೆ ಬಂದು, ಕನಕಪುರದ ಮೇಲೆ ಕಾರಿನಲ್ಲಿ ಬರಬೇಕು. ಎಷ್ಟು ಓಡಿದರೂ ಸಂಜೆ. ಊರಿನ ಹಿರಿಯರು, "ಆಗ್ಲಿ, ಒತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು, ಅಷ್ಟೇಯ" ಎಂದರು. ಅಲ್ಲಿಯವರೆಗೆ ಆ ಸುಡುಬಿಸಿಲಲ್ಲಿ ಮಾವನವರನ್ನು ಕಾಪಾಡಿಕೊಳ್ಳಬೇಕು.

ಸಾವಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ. ಗುಂಡಿ ತೆಗೆಯುವವರು, ಬಿದಿರು ತರುವವರು, ತಮಟೆಯವರಿಗೆ ಹೇಳುವವರು. ಸುದ್ದಿ ತಿಳಿಸುವಾಗಲೂ ನನಗೆ ಯಾರೂ ಏನೂ ಕೆಲಸ ಹೇಳಲಿಲ್ಲ. ಆದ್ದರಿಂದ ನಾನೇ ಎರಡು ಕೆಲಸ ಮೈಮೇಲೆ ಹಾಕಿಕೊಂಡೆ. ಒಂದು, ಮಳವಳ್ಳಿಯಿಂದ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ತರಿಸಿದ್ದು. ಇನ್ನೊಂದು, ಮಂಡ್ಯದಿಂದ ಬರುವ ದಾರಿಯಲ್ಲಿ ಮದ್ದೂರಿನಲ್ಲಿ ಕಾರು ನಿಲ್ಲಿಸಿ ಗುಲಾಬಿ ಹಾರ ಕಟ್ಟಿಸಿದ್ದು. ಅದು ಅಂತಿಂಥ ಹಾರವಲ್ಲ! ಕಾರಿನ ಹಿಂದಿನ ಸೀಟು ಪೂರ್ತಿ ಅದಕ್ಕೇ ಬೇಕಾಯಿತು. ನಡುವೆ ಒಂದು ಬಿಳಿ ಅಡ್ಡಪಟ್ಟಿ, ಅದರ ಮೇಲೆ ಬಣ್ಣದಲ್ಲಿ ಬರೆಸಿದ್ದು: "ಪೂಜ್ಯ ಮಾವನವರಿಗೆ ಅಂತಿಮ ನಮನಗಳು. ಅಳಿಯ ಪುಟ್ಟಸ್ವಾಮಿ, ಎಂ.ಎಸ್ಸಿ., ಬಿ.ಎಡ್."

ಮಾವನವರಿಗೆ ನನ್ನ ಡಿಗ್ರಿ ಗೊತ್ತಿತ್ತು. ಊರಿನವರಿಗೆ ಗೊತ್ತಾಗಲಿ ಎಂದು ಬರೆಸಿದೆ. ಅದನ್ನು ಈಗ ಒಪ್ಪಿಕೊಳ್ಳುವುದೇ ವಾಸಿ.

ಪೆಟ್ಟಿಗೆ ಬಂತು. ಮೇಲೆ ಗಾಜಿನ ಮುಚ್ಚಳ, ತಲೆಯ ಕಡೆ ಗುರ್ ಎನ್ನುವ ಯಂತ್ರ. ತಂದವನು ಪ್ಲಗ್ಗು ಹಾಕಿ, ಇನ್ನೊಂದು ಸಾವಿದೆಯೆಂದು ಓಡಿದ. ಮಾವನವರ ಅಕ್ಕ ಕೆಂಪಮ್ಮಜ್ಜಿಗೆ ಪೆಟ್ಟಿಗೆ ನೋಡಿಯೇ ಸಿಟ್ಟು ಬಂತು. ನಮ್ಮ ಕಡೆ ಹಿರೀಕರು ಸತ್ತರೆ ಕೂರಿಸುವುದು ವಾಡಿಕೆ. "ಬದುಕಿದ್ದಾಗ ಮದ್ಯಾನದ ಒತ್ತು ಒಂದಿನಾನೂ ಮಲಗ್ದವನಲ್ಲ ನನ್ ತಮ್ಮ. ಸತ್ತಿವ್ನೆ ಅಂತ ಮಲಗಿಸ್ಬುಟ್ರಲ್ಲೋ!"

"ಸಂಜೆ ಕೂರಿಸೋಣ ಬುಡವ್ವ. ನಾಗಿ ಬರೋಗಂಟ ಇರ್ಲಿ" ಎಂದು ನನ್ನ ಬಾಮೈದ ಜಯರಾಮ ಸಮಾಧಾನ ಮಾಡಿದ.

ನಾನು ಹಾರ ತಂದೆ. ಅದನ್ನು ಮೈಮೇಲೆ ಹಾಕಿದರೆ ಮಾವನವರು ಕಾಣುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಹಾಕಿದರೆ ಗಾಜು ಮುಚ್ಚುತ್ತಿತ್ತು. ಬಂದವರಿಗೆಲ್ಲ ಎದ್ದು ಕಾಣುವ ಜಾಗ ಯಾವುದೆಂದು ಸುತ್ತ ನೋಡಿ, ತಲೆಯ ಕಡೆಗೆ, ಯಂತ್ರದ ಮುಂದಿನ ಜಾಲರಿ ತಗಡಿಗೆ ಅಡ್ಡಲಾಗಿ ತೂಗುಹಾಕಿದೆ. ಬಾಗಿಲಲ್ಲಿ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಎಂ.ಎಸ್ಸಿ., ಬಿ.ಎಡ್. ನನಗೆ ತೃಪ್ತಿಯಾಯಿತು.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗೆ "ಟಕ್" ಎಂದಿತು. ಗುರ್ ಸದ್ದು ನಿಂತಿತು.

ಹೆಂಗಸರ ಅಳುವೂ ನಿಂತಿತು. ಎಲ್ಲರೂ ಪೆಟ್ಟಿಗೆಯನ್ನೇ ನೋಡಿದರು. ಒಂದಿಷ್ಟು ಹೊತ್ತು ಕಳೆದು ಮತ್ತೆ "ಟಕ್". ಗುರ್ ಶುರುವಾಯಿತು. ಇನ್ನೇನು ಎಲ್ಲರೂ ಉಸಿರು ಬಿಡಬೇಕು, ಮತ್ತೆ "ಟಕ್", ಸದ್ದಿಲ್ಲ.

"ಅಯ್ಯೋ, ನನ್ ತಮ್ಮಂಗೆ ಸೆಕೆ ಆಯ್ತಾ ಐತೆ!" ಕೆಂಪಮ್ಮಜ್ಜಿ ಕೂಗಿದಳು. "ಒಳಗಿಂದ ಬಡೀತಾವ್ನೆ ಕಣ್ರೋ! ತೆಗೀರೋ!"

ಹೆಂಗಸರೆಲ್ಲ ಹೋ ಎಂದು ಹೊಸದಾಗಿ ಅಳತೊಡಗಿದರು. ಯಾರೋ ಮುಚ್ಚಳ ತೆಗೆದು ಬೀಸಣಿಗೆಯಿಂದ ಬೀಸಿದರು. ಇದ್ದ ತಂಪೂ ಹೊರಗೆ ಹೋಯಿತು. ಇಂಥ ಅಜ್ಞಾನವನ್ನು ನೋಡಿಕೊಂಡು ವಿಜ್ಞಾನದ ಮೇಷ್ಟ್ರೊಬ್ಬ ಸುಮ್ಮನಿರುವುದು ಹೇಗೆ? ನಾನು ಪೆಟ್ಟಿಗೆಯ ಪಕ್ಕ ನಿಂತು, ಕೈ ಎತ್ತಿ, ಸಾವಿನ ಮನೆಯೆಂಬುದನ್ನೂ ಮರೆತು, ಪಾಠ ಪ್ರಾರಂಭಿಸಿದೆ.

"ಅವ್ವಾ, ಬಡೀತಾ ಇರೋದು ಮಾವ ಅಲ್ಲ. ಒಳಗೆ ಎರಡು ಲೋಹ ಸೇರಿಸಿದ ಒಂದು ಸಣ್ಣ ಬಿಲ್ಲೆ ಇರ್ತದೆ. ಯಂತ್ರ ಬಿಸಿಯಾದ್ರೆ ಅದು ಬಾಗಿ ಕರೆಂಟು ಬಿಡ್ತದೆ. ಯಂತ್ರ ಸುಟ್ಟುಹೋಗದೆ ಇರಲಿ ಅಂತ ಅದನ್ನ ಇಟ್ಟಿರೋದು. ತಣ್ಣಗಾದ್ರೆ ಮತ್ತೆ ಹಿಡ್ಕೊಳ್ತದೆ. ಎರಡು ಲೋಹ..."

"ಯಾವ್ ಲೋಹ ಅಳಿಮಯ್ಯ? ನನ್ ತಮ್ಮ ಚಿನ್ನ ಕಣಪ್ಪಾ, ಚಿನ್ನ!" ಅಜ್ಜಿ ಎದೆ ಬಡಿದುಕೊಂಡಳು. ಅಳು ಇನ್ನೊಂದು ಸುತ್ತು ಎದ್ದಿತು. ಜಯರಾಮ ನನ್ನ ತೋಳು ಹಿಡಿದು ಈಚೆಗೆ ಎಳೆದ.

ಓದುಗರು ದಯವಿಟ್ಟು ಗಮನಿಸಬೇಕು. ಯಂತ್ರ ಸುಟ್ಟುಹೋಗದಿರಲಿ ಎಂದೇ ಆ ಬಿಲ್ಲೆ ಇರುವುದು ಎಂದು, ತುಂಬಿದ ಸಭೆಯಲ್ಲಿ, ನನ್ನ ಬಾಯಿಂದಲೇ ಹೇಳಿದ್ದೆ.

ಮಧ್ಯಾಹ್ನದ ಹೊತ್ತಿಗೆ ಟಕ್ ಟಕ್ ಹೆಚ್ಚಾಯಿತು, ಗುರ್ ಕಡಿಮೆಯಾಯಿತು. ಗಾಜಿನ ಒಳಗೆ ಬೆವರು ಕೂತಿತು. ಜಯರಾಮ ಒಳಗೆ ಕೈಯಿಟ್ಟು ನೋಡಿ ಮೆಲ್ಲಗೆ ಹೇಳಿದ: "ಬಾವ, ತಣ್ಣಗೇ ಇಲ್ಲ." ಹಿರಿಯರು ಮೂಲೆಯಲ್ಲಿ ತಲೆಗೆ ತಲೆ ಸೇರಿಸಿದರು. ಇನ್ನು ಇಟ್ಟುಕೊಳ್ಳುವುದು ಬೇಡ, ಎತ್ತಿಬಿಡೋಣ ಎಂಬ ಮಾತು ನನ್ನ ಕಿವಿಗೂ ಬಿತ್ತು.

ಸುಶೀಲಳ ಕಿವಿಗೂ ಬಿತ್ತು. ನನ್ನ ಹತ್ತಿರ ಬಂದಳು. ಅವಳ ಮುಖ ನೋಡಲಾಗಲಿಲ್ಲ.

"ಏನಾದ್ರೂ ಮಾಡ್ರೀ. ನಾಗಿ ವಿಮಾನದಲ್ಲಿ ಅವ್ಳೆ, ಫೋನೂ ಓಗಲ್ಲ. ಬರೋ ಒತ್ಗೆ ಮಣ್ಣಾಗಿದ್ರೆ ಅವಳು ಈ ಜನ್ಮದಲ್ಲಿ ನಗಲ್ಲ. ಮೇಷ್ಟ್ರಲ್ವಾ ನೀವು? ಅಷ್ಟು ಪಾಠ ಏಳ್ತೀರಲ್ಲ?"

ಪೆಟ್ಟಿಗೆಯವನಿಗೆ ಫೋನು ಮಾಡಿದೆ. ಅವನ ಹಿಂದೆಯೂ ತಮಟೆ ಸದ್ದು. "ಇನ್ನೊಂದ್ ಸಾವಲ್ಲಿವ್ನಿ ಸಾ, ಸಂದೆಗೆ ಬತ್ತೀನಿ. ನೀವೇನೂ ಮುಟ್ಬೇಡಿ" ಎಂದು ಇಟ್ಟುಬಿಟ್ಟ. ಎಂ.ಎಸ್ಸಿ. ಮಾಡಿದವನಿಗೆ ಮುಟ್ಟಬೇಡ ಎನ್ನುವುದೇ! ಹೊಲಿಗೆ ಮಿಷಿನ್ನಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತಂದೆ.

ಪ್ಲಗ್ಗು ತೆಗೆದೆ. ಹಾರವನ್ನು ಜೋಪಾನವಾಗಿ ಪಕ್ಕದ ಕುರ್ಚಿಯ ಮೇಲೆ ಕೂರಿಸಿದೆ. ಜಾಲರಿ ತಗಡನ್ನು ಬಿಚ್ಚಿ, ಮಗುಚಿ ನೆಲಕ್ಕಿಟ್ಟು, ತಿರುಪುಗಳನ್ನಿಡಲು ಅದನ್ನೇ ತಟ್ಟೆ ಮಾಡಿಕೊಂಡೆ. ಒಳಗೆ ಕರಿಯ ಮಡಕೆಯಂಥ ಕಂಪ್ರೆಸರ್, ಮುಟ್ಟಿದರೆ ಚುರ್ ಎನ್ನುವಷ್ಟು ಬಿಸಿ. ಅದರ ಕೆನ್ನೆಗೆ ಅಂಟಿಕೊಂಡಂತೆ ಒಂದು ಸಣ್ಣ ಕರಿ ಡಬ್ಬಿ. ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ನಾನು ಬರೆದ ಬಿಲ್ಲೆ ಇದರೊಳಗಿತ್ತು. ಮೊದಲ ಸಲ ಮುಖಾಮುಖಿ! ನಾನು ತೀರ್ಪು ಕೊಟ್ಟೆ: ಬಿಲ್ಲೆಗೆ ವಯಸ್ಸಾಗಿದೆ. ಸುಮ್ಮಸುಮ್ಮನೆ ಬಾಗುತ್ತಿದೆ. ಇದನ್ನು ನಂಬಿಕೊಂಡರೆ ನಾಗರತ್ನ ಅಪ್ಪನ ಮುಖ ನೋಡಿದ ಹಾಗೇ.

ಯಂತ್ರ ಯಾಕೆ ಅಷ್ಟು ಬಿಸಿಯಾಗಿದೆ ಎಂದು ಒಂದು ಕ್ಷಣವಾದರೂ ಯೋಚಿಸಿದೆನಾ? ಇಲ್ಲ. ಟಕ್ ಟಕ್ ಎಂದು ಕಿರುಚುತ್ತಿದ್ದ ಬಿಲ್ಲೆಯ ಬಾಯಿ ಮುಚ್ಚಿಸುವುದೇ ನನಗೆ ಮುಖ್ಯವಾಗಿತ್ತು. ಒಂದು ತುಂಡು ತಂತಿ ತೆಗೆದುಕೊಂಡು ಬಿಲ್ಲೆಯನ್ನು ಪಕ್ಕಕ್ಕೆ ಬಿಟ್ಟು ಅದರ ಆಚೆಗೀಚೆಯ ತುದಿಗಳನ್ನು ನೇರವಾಗಿ ಸೇರಿಸಿಬಿಟ್ಟೆ. ಬಿಲ್ಲೆ ಇನ್ನು ಎಷ್ಟು ಬಾಗಿದರೂ ಕರೆಂಟು ನಿಲ್ಲುವಂತಿರಲಿಲ್ಲ.

ಪ್ಲಗ್ಗು ಹಾಕಿದೆ. ಗುರ್ ಎಂದಿತು. ಎಲ್ಲರೂ ಕಾದರು. ಟಕ್ ಇಲ್ಲ! ಗುರ್... ಗುರ್... ಕಾಲು ಗಂಟೆಯಾದರೂ ಟಕ್ ಇಲ್ಲ! ಗಾಜು ತಣ್ಣಗಾಯಿತು. ಕೆಂಪಮ್ಮಜ್ಜಿ, "ಈಗ ನಿದ್ದೆ ಅತ್ತಿರ್ಬೇಕು ನನ್ ತಮ್ಮಂಗೆ" ಎಂದು ಕಣ್ಣೊರೆಸಿಕೊಂಡಳು. ಒಬ್ಬರು ಹಿರಿಯರು, "ಪರ್ವಾಗಿಲ್ಲ ಕಣಯ್ಯ ಮೇಷ್ಟ್ರು" ಎಂದರು. ಯಾರೋ ನನ್ನ ಕೈಗೆ ಕಾಫಿ ಕೊಟ್ಟರು. ಆ ಮನೆಯಲ್ಲಿ ಕೈಕೆಲಸಕ್ಕೆ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಕೇಳಬೇಕಾದವರು ಪೆಟ್ಟಿಗೆಯೊಳಗಿದ್ದರು.

ಕಾಫಿ ಮುಗಿಸಿ ತಗಡನ್ನು ಬಿಗಿದೆ. ಹಾರವನ್ನು ಎತ್ತಿ, ಮೊದಲಿನ ಜಾಗದಲ್ಲೇ, ಅಡ್ಡಪಟ್ಟಿ ಸೊಟ್ಟಗಾಗದ ಹಾಗೆ ತೂಗುಹಾಕಿದೆ.

ಗುರ್ ಸದ್ದು ನಿಧಾನಕ್ಕೆ ದಪ್ಪವಾಯಿತು. ಆಮೇಲೆ ಒಂದು ಪರಿಮಳ ಬಂತು. ಗುಲಾಬಿ ಬೇಯುತ್ತಿರುವ ಪರಿಮಳ. "ಯಾವ್ ಊದ್ಬತ್ತಿ ಇದು, ಚೆನ್ನಾಗೈತಲ್ಲ" ಎಂದು ಒಬ್ಬಾಕೆ ಕೇಳಿದಳು. ಊದುಬತ್ತಿಯ ಕಡ್ಡಿ ಆಗಲೇ ಆರಿತ್ತು. ಹೊಗೆ ಮಾತ್ರ ಬರುತ್ತಿತ್ತು. ಮಾವನವರ ತಲೆಯ ಕಡೆಯಿಂದ ಬರುತ್ತಿತ್ತು!

"ಅಯ್ಯಯ್ಯೋ!" ಕೆಂಪಮ್ಮಜ್ಜಿ ಎದ್ದು ನಿಂತಳು. "ನಮ್ಮೋರ್ನ ಊಳೋದು ಕಣ್ರಪ್ಪೋ! ಈ ಅಳಿಮಯ್ಯ ಸುಡ್ತಾವ್ನಲ್ಲೋ!"

ಪಟ್ ಎಂದು ಫ್ಯೂಸು ಹೋಯಿತು. ಗುರ್ ನಿಂತಿತು. ಫ್ಯಾನು ನಿಂತಿತು. ಹೊರಗೆ ಶಾಮಿಯಾನದಲ್ಲಿ ಭಜನೆ ಹೇಳುತ್ತಿದ್ದವರ ಮೈಕು ಅರ್ಧ ಸಾಲಿನಲ್ಲಿ ಸತ್ತಿತು. ಆ ನಿಶ್ಶಬ್ದದಲ್ಲಿ ಊರಿಗೆ ಊರೇ ನನ್ನನ್ನು ನೋಡಿತು.

ಓಡಿಹೋಗಿ ಹಾರವನ್ನು ಕಿತ್ತೆ. ಜಾಲರಿಯ ಕಡೆಗಿದ್ದ ಗುಲಾಬಿಯೆಲ್ಲ ಸುಟ್ಟು ಕಂದಾಗಿತ್ತು. ನನ್ನ ಡಿಗ್ರಿಗಳು ಬಿಸಿಗೆ ಮುದುರಿಕೊಂಡಿದ್ದವು. ಅದರ ಹಿಂದೆ, ತಿರುಪುಗಳಿಗೆ ತಟ್ಟೆ ಮಾಡಿಕೊಂಡಿದ್ದ ಅದೇ ತಗಡಿನ ಮೇಲೆ, ಧೂಳು ಮೆತ್ತಿದ ಕೆಂಪು ಅಕ್ಷರ: "ಇಲ್ಲಿ ಗಾಳಿ ಆಡಬೇಕು. ಮುಚ್ಚಬೇಡಿ." ಕಣ್ಣಿಗೆ ಬಿದ್ದೇ ಇರಬೇಕು. ಓದಿರಲಿಲ್ಲ. ಪ್ರಶ್ನೆಯನ್ನು ಪೂರ್ತಿ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ಪ್ರತಿ ಪರೀಕ್ಷೆಯಲ್ಲೂ ಮಕ್ಕಳಿಗೆ ಹೇಳುವ ಮಹಾನುಭಾವ ನಾನು.

ಪಾಪದ ಬಿಲ್ಲೆ! ಅದಕ್ಕೆ ವಯಸ್ಸೂ ಆಗಿರಲಿಲ್ಲ, ಏನೂ ಆಗಿರಲಿಲ್ಲ. ಬೆಳಗಿನಿಂದ ನನ್ನ ಹಾರ ಯಂತ್ರದ ಉಸಿರು ಕಟ್ಟಿಸುತ್ತಿತ್ತು, ಅದು ಪ್ರತಿ ಸಲವೂ ಬಿಟ್ಟು, ಆರಿಸಿ, ಮತ್ತೆ ಹಿಡಿದು, ಹೇಗೋ ದೂಡುತ್ತಿತ್ತು. ಹಾರ ತೆಗೆದಿದ್ದರೆ ಸಾಕಿತ್ತು. ತೆಗೆದ ಹೊತ್ತಿನಲ್ಲಿ ಚೆನ್ನಾಗಿಯೇ ಓಡಿತ್ತಲ್ಲ! ಆ ಹೊಗಳಿಕೆ, ಆ ಕಾಫಿ, ಎರಡೂ ಗಾಳಿಗೆ ಸಲ್ಲಬೇಕಾಗಿದ್ದವು.

"ರೀ," ಸುಶೀಲ ಅಂದಳು. ಬೈಯಲಿಲ್ಲ. "ನಾಗಿಗೆ ಏನ್ ಏಳ್ಲಿ?" ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಹಿರಿಯರನ್ನು ಕೈಮುಗಿದು ನಿಲ್ಲಿಸಿದವನು ಜಯರಾಮ. ಬೈಕಿನಲ್ಲಿ ಹಲಗೂರಿಗೆ ಹಾರಿಹೋಗಿ ಎರಡು ಗೋಣಿಚೀಲದಲ್ಲಿ ಐಸು ತಂದ. ಸಿಕ್ಕಿದ್ದು ಮೀನಿನ ಅಂಗಡಿಯಲ್ಲಿ ಮಾತ್ರ. ಮಾವನವರಿಗೆ ಒಮ್ಮೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಮೇಲೆ ಮೀನೆಂದರೆ ಆಗುತ್ತಿರಲಿಲ್ಲ. ಯಾರಾದರೂ ಹೆಸರೆತ್ತಿದರೆ ತಟ್ಟೆ ಸರಿಸಿ ಏಳುತ್ತಿದ್ದರು. ಅಂಥವರ ಎರಡು ಪಕ್ಕಕ್ಕೂ, ತಲೆಯ ಸುತ್ತಲೂ, ಮೀನಿನ ಐಸು ಒತ್ತಿದೆವು. ಹಣೆಯ ಮೇಲೊಂದು ಒದ್ದೆ ಬಟ್ಟೆ, ಅದರ ಮೇಲೊಂದು ಐಸಿನ ತುಂಡು. ಈ ಸಲ ಅವರು ಎದ್ದು ಹೋಗಲಿಲ್ಲ. ಅದನ್ನು ನೋಡಿದಾಗ ಮಾವನವರು ಸತ್ತಿದ್ದಾರೆಂಬುದು ನನಗೆ ನಿಜವಾಗಿ ಗೊತ್ತಾಯಿತು.

ವಾಸನೆಗೆ ಊರಿನ ಬೆಕ್ಕುಗಳೆಲ್ಲ ಬಂದವು. "ಮೇಷ್ಟ್ರೇ, ನೀವು ಬೆಕ್ಕು ಓಡಿಸ್ಕೊಂಡಿರಿ, ಬ್ಯಾರೆ ಏನೂ ಮಾಡ್ಬೇಡಿ" ಎಂದರು ಹಿರಿಯರು. ಆ ದಿನ ನನಗೆ ಅಧಿಕೃತವಾಗಿ ಸಿಕ್ಕ ಹುದ್ದೆ ಅದೊಂದೇ. ಕೋಲು ಹಿಡಿದು ತಲೆಯ ಕಡೆ ಕೂತೆ. ಐಸು ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬಿಸಿಲು ಬಾಗಿಲಿನಿಂದ ಒಳಗೆ ಬಂದು ಗೋಡೆಗೆ ಏರುತ್ತಿತ್ತು. ಮಾವನವರ ತುಟಿಯ ಬಣ್ಣ ನಿಧಾನಕ್ಕೆ ಬೇರೆಯಾಗುತ್ತಿತ್ತು, ಅದನ್ನು ನೋಡುತ್ತಾ ಕೂರುವುದು ಬಿಟ್ಟು ನನಗೆ ಬೇರೆ ದಾರಿಯಿರಲಿಲ್ಲ. "ಇನ್ನೊಂದು ಸ್ವಲ್ಪ ತಡ್ಕೊಳ್ಳಿ ಮಾವ. ಅವಳು ಬರಲಿ" ಎಂದು ಬಾಯೊಳಗೇ ಹೇಳಿಕೊಂಡೆ. ಬೆಕ್ಕೊಂದು ಹೊಸ್ತಿಲ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.

ಹೊತ್ತು ಇಳಿಯಿತು. ಹಿರಿಯರು ಎದ್ದರು. ಸುಶೀಲ ಬೀದಿಯ ತುದಿಗೆ ಓಡಿಹೋಗಿ ನಿಂತಳು. ತಮಟೆ ಶುರುವಾಗಿ, ಮಾವನವರನ್ನು ಅಂಗಳಕ್ಕೆ ತಂದು ಗೋಡೆಗೆ ಒರಗಿಸಿ ಕೂರಿಸಿ, ಹೆಗಲಿಗೆ ಟವಲು ಹಾಕುವ ಹೊತ್ತಿಗೆ ಕಾರು ಬಂತು.

ನಾಗರತ್ನ ಇಳಿದಳು. ಓಡಿಬರಲಿಲ್ಲ. ದೂರದಲ್ಲೇ ನಿಂತುಬಿಟ್ಟಳು, ಎಷ್ಟೋ ವರ್ಷದಿಂದ ಕಟ್ ಆದ ಫೋನು ಈಗಲೂ ಕಟ್ ಆದೀತೆಂದು ಹೆದರಿದವಳ ಹಾಗೆ. ಕೆಂಪಮ್ಮಜ್ಜಿಯೇ ಕೈ ಹಿಡಿದು ಎಳೆದುಕೊಂಡು ಬಂದಳು. "ನೋಡ್ಲಾ ತಮ್ಮ, ಬಂದವ್ಳೆ ನಿನ್ ಮಗ್ಳು. ಈಗ್ಲಾದ್ರೂ ಮಾತಾಡ್ಲಾ."

ನಾಗರತ್ನ ಮಂಡಿಯೂರಿ, ಎರಡು ಕೈಯಲ್ಲೂ ಮಾವನವರ ಕೆನ್ನೆ ಹಿಡಿದಳು. "ಅಪ್ಪಾ" ಎಂದಳು. ತಲೆ ತುಸು ಮುಂದಕ್ಕೆ ಬಾಗಿತು. ಕಣ್ಣಿನ ಕುಳಿಯಿಂದ ಒಂದು ಹನಿ ನೀರು ಹೊರಟು, ಕೆನ್ನೆಯ ಮೇಲೆ ಹರಿದು, ಅವಳ ಬೆರಳಿಗೆ ಬಂದು ನಿಂತಿತು. ಅದರ ಹಿಂದೆಯೇ ಇನ್ನೊಂದು.

ತಮಟೆಯವರೂ ಕೈ ನಿಲ್ಲಿಸಿದರು.

"ಅಕ್ಕಾ!" ನಾಗರತ್ನ ಕೂಗಿಕೊಂಡಳು. "ಅಪ್ಪ ಅಳ್ತಾವ್ರೆ ಕಣಕ್ಕ! ನನ್ನ ನೋಡಿ ಅಳ್ತಾವ್ರೆ! ನೀನು ಏಳಿದ್ದು ದಿಟ ಕಣಕ್ಕ, ಅಪ್ಪ ನನ್ನ ಕರ್ದಿದ್ದು ದಿಟ!" ಅಪ್ಪನ ಎದೆಗೆ ತಲೆಯಿಟ್ಟು ಅವಳು ಅತ್ತ ಅಳುವಿಗೆ ಅಂಗಳದಲ್ಲಿದ್ದವರೆಲ್ಲ ಅತ್ತರು. ನಾನೂ ಅತ್ತೆ.

ಆದರೆ ನಾನು ಮೇಷ್ಟ್ರು. ಅಳುವ ನಡುವೆಯೂ ನನ್ನ ಬಾಯಿ ತಾನಾಗಿ ತೆರೆಯಿತು. ಘನವು ದ್ರವವಾಗುವ ಬಗ್ಗೆ, ಹಣೆಯ ಬಟ್ಟೆಯ ಬಗ್ಗೆ ಒಂದು ವಾಕ್ಯ ನಾಲಗೆಯ ತುದಿಗೇ ಬಂದಿತ್ತು. ಸುಶೀಲ ಕಣ್ಣೀರಿನೊಳಗಿಂದಲೇ ನನ್ನ ಕಡೆ ನೋಡಿದಳು. ಟಕ್! ಬಾಯಿ ಮುಚ್ಚಿಕೊಂಡೆ.

ಮಣ್ಣಾಯಿತು. ಪೆಟ್ಟಿಗೆಯವನು ಬಂದು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ತಿಥಿ ಮುಗಿಸಿಕೊಂಡು ನಾಗರತ್ನ ವಾಪಸು ಹೋದಳು. ಮೊನ್ನೆ ಫೋನು ಮಾಡಿದ್ದಳು. ಸುಶೀಲಳ ಹತ್ತಿರ ಮಾತಾಡಿ ಆದ ಮೇಲೆ ನನಗೆ ಕೊಡಲು ಹೇಳಿದಳಂತೆ.

"ಬಾವ, ಆವತ್ತು ಅಪ್ಪ ಅತ್ತಿದ್ದು ನೀವೂ ನೋಡಿದ್ರಲ್ವಾ?"

"ನೋಡ್ದೆ ಕಣಮ್ಮ."

"ಇಲ್ಲಿ ಒಬ್ರು ಏಳಿದ್ರು, ಸತ್ತೋರು ಅಳಲ್ಲ, ಅದ್ಕೆ ಬ್ಯಾರೆ ಏನೋ ಕಾರಣ ಇರ್ತದೆ ಅಂತ. ನೀವು ವಿಜ್ಞಾನ ಓದಿರೋರು. ಅಂಗೇನಾದ್ರೂ ಐತಾ ಬಾವ?"

ಸುಶೀಲ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ನಂಗೊತ್ತಿಲ್ಲ ಕಣಮ್ಮ" ಅಂದೆ. ಕೆಲಸಕ್ಕೆ ಸೇರಿದಂದಿನಿಂದ ಈ ಮಾತನ್ನು ನಾನು ಆಡಿದ್ದು ಅದೇ ಮೊದಲು.

ಫೋನು ಇಟ್ಟ ಮೇಲೆ ಸುಶೀಲ ಮೂಗೊರೆಸಿಕೊಂಡಳು. "ಇಷ್ಟು ವರ್ಷಕ್ಕೆ ಒಂದು ಸರಿಯಾದ ಉತ್ತರ ಕೊಟ್ರಿ" ಎಂದು ಹೇಳಿ, ಕೆಟ್ಟುಹೋಗಿದ್ದ ಇಸ್ತ್ರಿ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟಳು. ನಾನು ಅದನ್ನು ಬಿಚ್ಚಲಿಲ್ಲ. ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೊರಟೆ.